ಚಂದ್ರನ ಮೇಲೆ ನಿಧಾನವಾಗಿ ಇಳಿಯಬೇಕು

ಸ್ಕಂದಗಿರಿ ಹತ್ತಿ ಇಳಿದು ಬರುವವರಿಗೆಂದೇ ಹೆದ್ದಾರಿಯ ಬದಿಯಲ್ಲಿ ಈಚೆಗೆ ಒಂದು ಕಾಫಿ ಅಂಗಡಿ ಆಗಿದೆ. ಅದರ ಒಳಗೋಡೆಗೆ ಹಳೆಯ ಚಂದ್ರಿಕೆಯೊಂದನ್ನು ನೇತುಹಾಕಿ, ಹಿಂದೆ ಹಳದಿ ಬಲ್ಬು ಉರಿಸಿಟ್ಟಿದ್ದಾರೆ. ಹಣ್ಣಾದ ರೇಷ್ಮೆ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ ಅದು. ಆಳೆತ್ತರ ಇರುತ್ತದೆ, ಮೇಲೆ ತೆಳ್ಳನೆಯ ಬಿದಿರಿನ ಪಟ್ಟಿಯೊಂದು ನಡುವಿನಿಂದ ಹೊರಟು ಸುತ್ತುಸುತ್ತಾಗಿ ಅಂಚಿನವರೆಗೂ ಬರುತ್ತದೆ. ಈಗ ಹುಳ ಸಾಕುವವರು ಪ್ಲಾಸ್ಟಿಕ್ಕಿನದಕ್ಕೆ ಬಂದಿದ್ದಾರೆ, ಬಿದಿರಿನವು ಗೋಡೆಯ ಅಲಂಕಾರಕ್ಕೆ ಹೋಗಿವೆ. ಈ ಚಂದ್ರಿಕೆಗೆ ಚೆನ್ನಾಗಿಯೇ ವಾರ್ನಿಶ್ ಬಳಿದಿದ್ದರು. ಆದರೂ ಬಲ್ಬಿನ ಬಿಸಿಗೆ ಅದು ತನ್ನ ಹಳೆಯ ವಾಸನೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತಿತ್ತು: ಒಣಗಿದ ಹಿಪ್ಪುನೇರಳೆ ಸೊಪ್ಪು, ಹುಳದ ಉಚ್ಚೆ, ರೇಷ್ಮೆಯ ಅಂಟು, ಸುಣ್ಣದ ಪುಡಿ. ಪಕ್ಕದ ಮೇಜಿನವರಿಗೆ ಅದು ಗೊತ್ತಾಗಿರಲಾರದು. ನಾನು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದೆ.

ಜೊತೆಗಿದ್ದವಳು ಫರ್ಹಾನಾ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನನ್ನ ಜೋಡಿ. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆಯವಳು. ನಾವು ಹುಳ ಸಾಕುತ್ತಿದ್ದೆವು, ಅವರು ನೂಲು ತೆಗೆಯುತ್ತಿದ್ದರು, ನಡುವೆ ಗೂಡಿನ ಮಾರ್ಕೆಟ್ಟು. ‘ಅದರ ಮುಂದೆ ನಿಂತ್ಕೊಳ್ಳೇ, ಒಂದು ಫೋಟೋ ತೆಗೀತೀನಿ’ ಅಂದಳು. ಎದ್ದು ಹೋಗಿ ನಿಂತೆ. ಹಾಗೆ ನಿಂತಾಗ ಏನಾಯಿತು ಎಂದು ಹೇಳಬೇಕಾದರೆ ಮೊದಲು ಒಂದು ಕುಣಿತದ ವಿಷಯ ಹೇಳಬೇಕು. ಚಂದ್ರನ ಮೇಲೆ ನಡೆದ ಕುಣಿತ. ಪುರಾವೆ ಇಲ್ಲದ ಮಾತು ಆಡಬಾರದು ಎಂದು ಚಿಕ್ಕಂದಿನಿಂದ ಕಲಿತು, ಅದರಿಂದಲೇ ಒಂದಷ್ಟು ಕಪ್ಪುಗಳನ್ನು ಗೆದ್ದು, ಈಗ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಅದರಿಂದಲೇ ಅನ್ನ ಸಂಪಾದಿಸಲು ಹೊರಟವಳು ನಾನು. ಈ ಕುಣಿತಕ್ಕೆ ಮಾತ್ರ ನನ್ನ ಹತ್ತಿರ ಯಾವ ಪುರಾವೆಯೂ ಇಲ್ಲ. ಎದುರು ವಾದ ಮಾಡುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು. ಮನೆ ಎಂದರೆ ಮುಕ್ಕಾಲು ಪಾಲು ಹುಳುಗಳದು, ಮಿಕ್ಕದ್ದು ನಮ್ಮದು. ಹುಳ ಇದ್ದಷ್ಟು ದಿನ ಘಾಟು ಏಳುವ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ನೆಂಟರು ಬಂದರೆ ಹೊರಗಿನ ಜಗಲಿಯಲ್ಲೇ ಮಾತಾಡಿಸಿ ಕಳಿಸಬೇಕು. ತಟ್ಟೆಗಳ ಸಾಲಿನಿಂದ ಹುಳ ಸೊಪ್ಪು ತಿನ್ನುವ ಸದ್ದು ಬರುತ್ತಲೇ ಇರುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಕಾಗದವನ್ನು ಚೂರುಚೂರು ಹರಿಯುತ್ತಾ ಕೂತಿರುವ ಹಾಗೆ. ಆ ಸದ್ದು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಪೊರೆ ಬಿಡುವ ಮೊದಲು ಹುಳಗಳು ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ, ಮಿಸುಕದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು. ಅಂದರೆ ಮನುಷ್ಯರಿಗೆ ರಜೆ. ನಮ್ಮ ಮನೆಯಲ್ಲಿ ಭಾನುವಾರಕ್ಕೆ ಬೆಲೆ ಇರಲಿಲ್ಲ, ಹಬ್ಬಕ್ಕೂ ಅಷ್ಟಕ್ಕಷ್ಟೇ. ಹುಳಕ್ಕೆ ಜ್ವರ ಬಂದರೆ ಮಾತ್ರ ಬಿಡುವು. ಆ ಮಧ್ಯಾಹ್ನ ಊಟ ಮುಗಿಸಿ, ನಡುಮನೆಯ ಕಿಟಕಿಗೆ ಗೋಣಿಚೀಲ ಇಳಿಬಿಟ್ಟು, ತಾತ ವಿಸಿಆರ್ ಮೇಲೆ ಹೊದಿಸಿದ ಬಟ್ಟೆ ತೆಗೆಯುತ್ತಿದ್ದರು. ಅಡುಗೆಮನೆಯಿಂದ ಅಮ್ಮ, ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಅಜ್ಜಿಯ ಕುರ್ಚಿ ಮಾತ್ರ ಟಿವಿಗೆ ಎದುರಾಗಿ ಅಲ್ಲ, ಅದರ ಪಕ್ಕದಲ್ಲಿ, ನಮ್ಮೆಲ್ಲರಿಗೆ ಮುಖ ಮಾಡಿಕೊಂಡು ಇರುತ್ತಿತ್ತು. ಯಾಕೆಂದು ಆಮೇಲೆ ಹೇಳುತ್ತೇನೆ.

ತಾತ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಗ್ರಹಣದ ಹೊತ್ತಿಗೆ ಊರಿನವರೆಲ್ಲ ಬಾಗಿಲು ಹಾಕಿಕೊಂಡರೆ ಇವರು ಜಗಲಿಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರಂತೆ. ಪುರಾವೆ ಎಲ್ಲಿ, ಯಾರು ಕಂಡರು, ಕಂಡವರು ಯಾರ ಹತ್ತಿರ ಹೇಳಿದರು: ನಾನು ಕಲಿತ ಮೊದಲ ಪ್ರಶ್ನೆಗಳು ಇವೇ. ಶಾಲೆಯ ಚರ್ಚೆಗೆ ನನ್ನನ್ನು ತಯಾರು ಮಾಡಿದವರೂ ಅವರೇ. ಪರ ಮಾತಾಡಿಸುತ್ತಿದ್ದರು, ನಾನು ಗೆದ್ದೆ ಎನ್ನುವಷ್ಟರಲ್ಲಿ ವಿರೋಧ ಮಾತಾಡು ಎನ್ನುತ್ತಿದ್ದರು. ಅವರು ಹೇಳಿಕೊಟ್ಟ ಒಂದು ನಿಯಮ ಇವತ್ತಿಗೂ ನನಗೆ ಕೋರ್ಟಿನಲ್ಲಿ ನೆನಪಾಗುತ್ತದೆ. ಎದುರಾಳಿಯ ಮೂಲ ಮಾತನ್ನು ಬಿಟ್ಟು ಬರೀ ವಿವರಗಳ ಮೇಲೆ ಜಗಳವಾಡಿದರೆ, ಮೂಲ ಮಾತನ್ನು ನೀನು ಒಪ್ಪಿಕೊಂಡ ಹಾಗೆ.

ವಿಸಿಆರ್ ಅನ್ನು ಅವರು ಶಿಡ್ಲಘಟ್ಟದಲ್ಲಿ ಮುಚ್ಚಿಹೋಗುತ್ತಿದ್ದ ಒಂದು ಕ್ಯಾಸೆಟ್ ಅಂಗಡಿಯಿಂದ ತಂದಿದ್ದು, ಅಜ್ಜಿಗೋಸ್ಕರ. ಅಜ್ಜಿ ಚಿಂತಾಮಣಿಯವಳು, ಹೆಸರು ನಾರಾಯಣಮ್ಮ. ಮದುವೆಗೆ ಮುಂಚೆ, ಇನ್ನೂ ಲಂಗದ ಹುಡುಗಿಯಾಗಿದ್ದಾಗ, ಅವಳು ತನ್ನ ತಾಯಿಯ ಜೊತೆ ಅಲ್ಲಿನ ಟೆಂಟಿನಲ್ಲಿ ಒಂದು ತೆಲುಗು ಸಿನಿಮಾ ನೋಡಿದ್ದಳು. ಕಪ್ಪು ಬಿಳುಪಿನದು. ರಾಕೆಟ್ಟು ಹತ್ತಿ ಚಂದ್ರನಿಗೆ ಹೋಗುವ ಕಥೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ; ಬರೆದರೆ ನೀವು ತಕ್ಷಣ ಫೋನಿನಲ್ಲಿ ಹುಡುಕುತ್ತೀರಿ, ಆಮೇಲೆ ನನ್ನ ಮೇಲೆ ವಾದಕ್ಕೆ ಬರುತ್ತೀರಿ. ಚಂದ್ರನ ರಾಣಿ ಅದರಲ್ಲಿ ಒಂದು ಕುಣಿತ ಕುಣಿಯುತ್ತಾಳಂತೆ. ಆ ಕುಣಿತವನ್ನು ಇನ್ನೊಂದು ಸಲ ನೋಡಬೇಕು ಅನ್ನುವುದು, ನಮಗೆ ಗೊತ್ತಿದ್ದ ಹಾಗೆ, ಅಜ್ಜಿ ತನಗಾಗಿ ಇಟ್ಟುಕೊಂಡಿದ್ದ ಒಂದೇ ಆಸೆ. ಸೀರೆ ಬೇಕು ಅಂದವಳಲ್ಲ, ತಿರುಪತಿಗೆ ಹೋಗೋಣ ಅಂದವಳೂ ಅಲ್ಲ.

ನಾನು ತೆವಳುವ ಮಗುವಾಗಿದ್ದಾಗ ಒಂದು ದಿನ ತೆಲುಗು ಚಾನೆಲ್ಲಿನಲ್ಲಿ ಆ ಸಿನಿಮಾ ಬಂತು. ಬಂದದ್ದು ಹುಳ ಹಣ್ಣಾದ ದಿನವೇ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಮೈ ಹಳದಿಗೆ ತಿರುಗಿದ್ದನ್ನು ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಅವು ತಟ್ಟೆಯಲ್ಲೇ ನೂಲು ಸುತ್ತಿಕೊಂಡು ಬೆಳೆ ಹಾಳಾಗುತ್ತದೆ. ಮನೆಯ ಎಲ್ಲ ಕೈಗಳೂ ಹುಳುಮನೆಯಲ್ಲಿ, ಅಜ್ಜಿಯದು ಎಲ್ಲರಿಗಿಂತ ಮುಂದೆ. ಹುಳ ಆರಿಸುವುದರಲ್ಲಿ ತಾತನ ಕೈ ಒರಟು ಎಂದು ಅವಳೇ ಅವರನ್ನು ಹೊರಗೆ ಕಳಿಸಿ, ‘ನೀವು ಹೋಗಿ ಆ ಪಿಕ್ಚರ್ ಟೇಪಿಗೆ ಹಿಡೀರಿ ಮೇಷ್ಟ್ರೇ’ ಅಂದಳಂತೆ. ತಾತ ಟಿವಿ ಮುಂದೆ ಕೂತು, ಜಾಹೀರಾತು ಬಂದಾಗೆಲ್ಲ ಟೇಪು ದಂಡವಾಗದಿರಲೆಂದು ನಿಲ್ಲಿಸಿ, ಮುಗಿದಾಗ ಮತ್ತೆ ಬಿಡುತ್ತಾ ಹಿಡಿದರು. ಒಂದು ಸಲ ಮಾತ್ರ ತಪ್ಪಿತು. ‘ಒತ್ತಿದೆ ಅಂದ್ಕೊಂಡೆ, ಒತ್ತಿರಲಿಲ್ಲ. ಟಿವಿ ನೋಡ್ತಾ ಕೂತಿದ್ದೆ, ಟೇಪು ಓಡ್ತಾ ಇರಲಿಲ್ಲ.’ ಈ ಮಾತನ್ನು ಅವರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ. ಎಷ್ಟು ಸಲ ಕೇಳಿದರೂ ಅದರಲ್ಲಿ ಏನಿದೆ ಎಂದು ನನಗೆ ಹೊಳೆಯಲಿಲ್ಲ.

ಟೇಪಿನಲ್ಲಿ ಕಥೆ ಹೀಗೆ ಹೋಗುತ್ತಿತ್ತು. ತಗಡಿನ ರಾಕೆಟ್ಟು ದೀಪಾವಳಿಯ ಪಟಾಕಿಯ ಹಾಗೆ ಹೊಗೆ ಬಿಡುತ್ತಾ ಏರುತ್ತದೆ. ಒಳಗೆ ಹೀರೋ, ಅವನ ಗೆಳೆಯ, ಒಬ್ಬ ಗಡ್ಡದ ಪ್ರೊಫೆಸರು. ದಾರಿಯಲ್ಲಿ ಒಂದು ಹಾಡು, ಕಿಟಕಿಯ ಆಚೆ ಪರದೆಯ ಮೇಲೆ ಬಿಡಿಸಿದ ನಕ್ಷತ್ರಗಳು. ಚಂದ್ರನಲ್ಲಿ ಇಳಿದರೆ ತಲೆಗೆ ಆಂಟೆನಾ ಸಿಕ್ಕಿಸಿಕೊಂಡ ಸೈನಿಕರು ಹಿಡಿದು ರಾಣಿಯ ಮುಂದೆ ನಿಲ್ಲಿಸುತ್ತಾರೆ. ರಾಣಿಯ ಕಿರೀಟದ ಚೂಪು ತುದಿಗಳಲ್ಲಿ ಸಣ್ಣ ಬಲ್ಬುಗಳು. ಅವಳು ಹೀರೋವನ್ನು ನೋಡುತ್ತಾಳೆ. ಪರದೆ ಒಂದು ಸಲ ಹುಳಹುಳವಾಗಿ ನಡುಗುತ್ತದೆ. ಮರುಕ್ಷಣ ಅದೇ ರಾಣಿ ರಾಕೆಟ್ಟಿನ ಏಣಿಯ ಬುಡದಲ್ಲಿ ನಿಂತು, ಹೀರೋನ ವಸ್ತ್ರದ ತುಂಡನ್ನು ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದಾಳೆ. ನೋಡಿದ್ದಕ್ಕೂ ಅತ್ತದ್ದಕ್ಕೂ ನಡುವೆ ಏನಾಯಿತು? ಅಲ್ಲಿ ಕುಣಿತ ಇತ್ತು, ಅದೇ ಹೋಯಿತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ‘ಇಡೀ ಪಿಕ್ಚರ್ ಹಿಡಿದ್ರು, ನಾನು ಬೇಕು ಅಂದಿದ್ದೊಂದು ಬಿಟ್ರು. ಮೇಷ್ಟ್ರ ಕೆಲಸ ಅಂದ್ರೆ ಹಂಗೇ’ ಎಂದು ಅಜ್ಜಿ ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದಳು. ತಾತ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹಳೆಯ ವಿಜ್ಞಾನದ ಸಿನಿಮಾಗಳ ಕುಣಿತಗಳನ್ನು ಈಗ ಜನ ತುಂಡು ಮಾಡಿ ಫೋನಿಗೆ ಹಾಕಿಕೊಂಡು ನಗುತ್ತಾರೆ. ನಗುವುದಕ್ಕೆ ಬೇಕಾದಷ್ಟು ಇದೆ, ಇಲ್ಲ ಎನ್ನುವುದಿಲ್ಲ. ಬೇರೆ ಗ್ರಹದವಳು ಗಾಗ್ರಾ ಹಾಕಿಕೊಂಡಿರುತ್ತಾಳೆ. ತಗಡಿನ ಡಬ್ಬದಂಥ ಯಂತ್ರಮಾನವ ಮೊಣಕೈ ಬಗ್ಗಿಸದೆ ತಾಳ ಹಾಕುತ್ತಾನೆ. ಭೂಮಿಗೆ ಉಲ್ಕೆ ಬಡಿಯಲು ಇನ್ನೇನು ಹೊತ್ತಿಲ್ಲ ಎನ್ನುವಾಗ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆಗಳ ನಡುವೆ ಹಾಡು ಶುರುವಾಗುತ್ತದೆ, ಹೊಗೆಯಾಡುವ ಬಣ್ಣದ ನೀರು ಕೂಡ ಲಯಕ್ಕೆ ಸರಿಯಾಗಿ ಕುದಿಯುತ್ತದೆ. ಬಾಲ್ಯದಲ್ಲಿ ನಾನೂ ಈ ಪಕ್ಷವೇ. ರಾಕೆಟ್ಟಿಗೆ ಹಾಡು ಬೇಕಿಲ್ಲ ಎಂದು ಶಾಲೆಯಲ್ಲಿ ವಾದಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಅದೇ ವಾದವನ್ನು ತಿರುಗಿಸಿ ಆಡಬಲ್ಲೆ. ಆ ಸಿನಿಮಾ ಮಾಡಿದವರಿಗೆ ವಿಜ್ಞಾನ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳಿ. ಆದರೆ ಅಷ್ಟು ದೂರ ಹೋದ ಮೇಲೆ ಅಲ್ಲಿ ಏನು ಮಾಡುವುದು ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇತ್ತು. ಅಲ್ಲಿಯವರು ಕುಣಿದು ತೋರಿಸುತ್ತಾರೆ, ಇಲ್ಲಿಯವರು ಕೂತು ನೋಡುತ್ತಾರೆ, ಆಗ ಇಬ್ಬರಿಗೂ ಭಯ ಹೋಗುತ್ತದೆ. ಈಗಿನ ಬಾಹ್ಯಾಕಾಶದ ಸಿನಿಮಾಗಳಲ್ಲಿ ಲೆಕ್ಕವೆಲ್ಲ ಸರಿ ಇರುತ್ತದೆ. ಯಾರ ಮನೆಗೂ ಯಾರೂ ನೆಂಟರಾಗಿ ಹೋಗುವುದಿಲ್ಲ.

ಪರದೆ ನಡುಗುವ ಆ ಜಾಗ ಬಂದಾಗ ತಾತ ಟೇಪನ್ನು ನಿಲ್ಲಿಸುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ, ಅವರೇ. ಆಗ ಅಮ್ಮ ಹುಳುಮನೆಯಿಂದ ಒಂದು ಖಾಲಿ ಚಂದ್ರಿಕೆ ತಂದು ಅಜ್ಜಿಯ ಕುರ್ಚಿಯ ಹಿಂದೆ ಗೋಡೆಗೆ ಒರಗಿಸುತ್ತಿದ್ದಳು. ಅಜ್ಜಿಯ ತಲೆ ಸರಿಯಾಗಿ ಆ ಸುತ್ತುಗಳ ನಡುವೆ ಬರುವಂತೆ. ಅಜ್ಜಿ ಸೆರಗು ಬಿಗಿದು ಸಿಕ್ಕಿಸಿ, ಕಣ್ಣು ಮುಚ್ಚಿ ತೆಗೆದರೆ ರಾಣಿಯಾಗಿಬಿಡುತ್ತಿದ್ದಳು. ಅವಳ ಮಂಡಿಗಳು ಆಗಲೇ ಕೈಕೊಟ್ಟಿದ್ದವು, ಎದ್ದು ಕುಣಿಯುವ ಹಾಗಿರಲಿಲ್ಲ. ಅದಕ್ಕೆ ಅವಳೊಂದು ಏರ್ಪಾಡು ಮಾಡಿದ್ದಳು. ‘ನಾನು ಕೈ, ನೀನು ಕಾಲು. ಬಾಮ್ಮ’ ಎಂದು ನನ್ನನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದಳು. ಸೊಪ್ಪು ಕೊಯ್ದು ಕೊಯ್ದು ಕಪ್ಪಾದ ಬೆರಳುಗಳಿಂದ ಅವಳು ಗಾಳಿಯಲ್ಲಿ ಏನೇನೋ ಬಿಡಿಸುತ್ತಿದ್ದಳು. ಹುಳ ನೂಲು ಬಿಡುವಾಗ ತಲೆಯನ್ನು ಆ ಕಡೆ ಈ ಕಡೆ ಒಯ್ಯುತ್ತದಲ್ಲ, ಆ ಥರ ಮಣಿಕಟ್ಟು ಹೋಗುತ್ತಿತ್ತು. ಬಾಯಲ್ಲಿ ತೆಲುಗಿನ ಒಂದು ರಾಗ. ಪದಗಳು ಅರ್ಧ ಅವಳಿಗೇ ನೆನಪಿಲ್ಲ. ನಾನು ಅವಳ ಕೈ ನೋಡುತ್ತಾ ಕಾಲು ಹಾಕಬೇಕು. ಅವಳ ಕೈ ಅಷ್ಟೇ ನಾನು ನೋಡುತ್ತಿದ್ದುದು. ಅದನ್ನು ಕಲಿತುಕೊಳ್ಳಬೇಕು ಎಂದು ಒಂದು ಸಲವೂ ಅನ್ನಿಸಲಿಲ್ಲ, ಅದು ಅವಳ ಪಾಲಿನದು.

ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹೋದ ಬೆಳೆಯಲ್ಲಿ ರಾಣಿಯ ಹಿಂದೆ ಸಖಿಯರು ಇರಲಿಲ್ಲ, ಈಗ ಎಲ್ಲಿಂದ ಬಂದರು ಎಂದು ಕೇಳುತ್ತಿದ್ದೆ. ‘ನೀಕೇಮಿ ತೆಲುಸೇ, ನಿನಗೇನು ಗೊತ್ತು. ಅವರು ಒಳಗಿದ್ರು, ಇವತ್ತು ಬಂದ್ರು’ ಎನ್ನುತ್ತಿದ್ದಳು. ಚಂದ್ರನ ಮೇಲಿನವರಿಗೆ ತೆಲುಗು ಹೇಗೆ ಬರುತ್ತದೆ ಎಂದು ಒಮ್ಮೆ ಹಿಡಿದು ನಿಲ್ಲಿಸಿದೆ. ಇದಕ್ಕೆ ಉತ್ತರ ಇರಲಾರದು ಎಂದೇ ನನ್ನ ಲೆಕ್ಕ. ಅಜ್ಜಿ ಕೈ ನಿಲ್ಲಿಸದೆ ಅಂದಳು, ‘ಚಿಂತಾಮಣಿ ದಾಟಿದ್ರೆ ಎಲ್ಲಾರೂ ತೆಲುಗೇ ಕಣೇ. ಚಂದ್ರ ಇನ್ನೂ ದೂರ.’

ತಾತನ ತಕರಾರುಗಳು ಬೇರೆ ಜಾತಿಯವು. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಪೇಪರಿನ ಮರೆಯಿಂದ ಶುರು ಮಾಡುತ್ತಿದ್ದರು. ಚಂದ್ರನಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಕಡೆ ಗೆಜ್ಜೆಯ ಸದ್ದು ಹೇಗೆ ಕೇಳಿಸುತ್ತೆ ನಾರಾಯಣಮ್ಮ? ‘ನಿಮಗೆ ಇಲ್ಲೇ ಕೂಗಿದ್ರೂ ಕೇಳಿಸಲ್ಲ, ಬಿಡಿ’ ಎಂದು ಅವಳು ತಿರುಗಿ ಕೊಟ್ಟದ್ದಕ್ಕೆ ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಆದರೆ ಮುಂದಿನ ಬೆಳೆಯ ಜ್ವರದ ಹೊತ್ತಿಗೆ ಅಜ್ಜಿ ಕುಣಿತವನ್ನು ತಿದ್ದಿಕೊಂಡು ಬಂದಿದ್ದಳು. ರಾಣಿ ಗೆಜ್ಜೆ ಬಿಚ್ಚಿಡುತ್ತಾಳೆ. ಸಖಿಯರು ನೆಲಕ್ಕೆ ಹಿಮ್ಮಡಿ ಊರಿ ತಾಳ ಕೊಡುತ್ತಾರೆ, ಅದು ರಾಣಿಯ ಅಂಗಾಲಿಗೆ ಗೊತ್ತಾಗುತ್ತದೆ. ‘ನೆಲದಲ್ಲಿ ಸದ್ದು ಹೋಗುತ್ತೆ ತಾನೆ ಮೇಷ್ಟ್ರೇ?’ ತಾತ ಪೇಪರು ಇಳಿಸಿ, ಸ್ವಲ್ಪ ಹೊತ್ತು ಯೋಚಿಸಿ, ‘ನೆಲದಲ್ಲಿ ಹೋಗುತ್ತೆ’ ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದಕ್ಕೆ ಅವರೇ ಸಂತೋಷಪಟ್ಟ ಹಾಗಿತ್ತು.

ಇನ್ನೊಂದು ಬೆಳೆಗೆ ಅವರ ತಕರಾರು ನನ್ನ ಕಾಲಿನ ಮೇಲೆ ಬಂತು. ಚಂದ್ರನ ಮೇಲೆ ತೂಕ ಕಮ್ಮಿ ಕಣಮ್ಮ, ಆರರಲ್ಲಿ ಒಂದು ಪಾಲು. ಹಾರಿದರೆ ಮೇಲೆ ಹೋಗುತ್ತೀಯ, ಇಳಿಯುವುದಕ್ಕೆ ಹೊತ್ತು ಹಿಡಿಯುತ್ತೆ, ನೀನು ದಬಕ್ಕನೆ ಬೀಳುತ್ತೀಯಲ್ಲ, ಅದು ಶಿಡ್ಲಘಟ್ಟದಲ್ಲಿ ಬೀಳುವ ಬೀಳು. ದಬಕ್ಕನೆ ಬೀಳದೆ ಇಳಿಯುವುದು ಹೇಗೆ ಎಂದು ನಾನು ಜಗಳಕ್ಕೆ ನಿಂತೆ. ಅದಕ್ಕೆ ಅಜ್ಜಿಯೇ ದಾರಿ ತೋರಿಸಿದಳು. ಹಾರುವುದೇ ಬೇಡ, ಬೆರಳ ತುದಿಯ ಮೇಲೆ ಏರು, ಉಸಿರು ಹಿಡಿ, ನನ್ನ ಕೈ ಇಳಿಯುವಷ್ಟೇ ನಿಧಾನಕ್ಕೆ ಹಿಮ್ಮಡಿ ಇಳಿಸು. ಅವಳ ಎರಡೂ ಅಂಗೈಗಳು ಎದೆಯ ಮಟ್ಟದಿಂದ ಇಳಿಯುತ್ತಾ ಇಳಿಯುತ್ತಾ ತೊಡೆಗೆ ಬರುವಷ್ಟರಲ್ಲಿ ನನ್ನ ಹಿಮ್ಮಡಿ ನೆಲ ಮುಟ್ಟುತ್ತಿತ್ತು. ನಡುಮನೆ ಒಂದು ಕ್ಷಣ ನಿಜಕ್ಕೂ ಹಗುರಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಜ್ವರಕ್ಕೆ ಕೂತ ಹುಳಗಳು, ಈ ಕೋಣೆಯಲ್ಲಿ ಉಸಿರು ಹಿಡಿದ ನಾವು. ಆಮೇಲೆ ಅಜ್ಜಿ, ‘ಅವಳು ಕುಣಿದು ಕುಣಿದು ಇರು ಅಂತ ಕೇಳಿದ್ಲು. ಅವನು ಹೋಗ್ಬೇಕು ಅಂದ’ ಎನ್ನುತ್ತಿದ್ದಳು. ತಾತ ಗುಂಡಿ ಒತ್ತುತ್ತಿದ್ದರು. ಪರದೆಯಲ್ಲಿ ರಾಣಿ ಏಣಿಯ ಬುಡದಲ್ಲಿ ಅಳುತ್ತಿದ್ದಳು. ಆಗ ಅದಕ್ಕೆ ಕಾರಣ ಇರುತ್ತಿತ್ತು.

ವಿಸಿಆರ್ ಮೊದಲು ಹೋಯಿತು. ಟೇಪು ಕಚ್ಚಿಕೊಳ್ಳಲು ಶುರುವಾಗಿ, ರಿಪೇರಿಯವನು ಇದರ ಸಾಮಾನು ಈಗ ಬರುವುದಿಲ್ಲ ಎಂದ ಮೇಲೂ ತಾತ ಅದರ ಮೇಲಿನ ಬಟ್ಟೆಯನ್ನು ಒಗೆದು ಒಗೆದು ಹೊದಿಸುತ್ತಿದ್ದರು. ಆಮೇಲೆ ಅಜ್ಜಿಯ ಮಂಡಿ ಪೂರ್ತಿ ಹೋಯಿತು. ಅವಳ ಕೈ ಇಲ್ಲದ ಹುಳುಮನೆಯಲ್ಲಿ ಒಂದೆರಡು ಬೆಳೆ ಕೈಕೊಟ್ಟವು, ಚಿಕ್ಕಪ್ಪ ಹಿಪ್ಪುನೇರಳೆ ತೋಟ ಕಿತ್ತು ಗುಲಾಬಿ ಹಾಕಿದರು. ಹುಳಗಳಿಲ್ಲದ ಮನೆಯಲ್ಲಿ ಜ್ವರದ ರಜೆಯೂ ಇಲ್ಲ. ದಿನವೆಲ್ಲ ಒಂದೇ ಥರ. ಅಜ್ಜಿ ಮಲಗಿದ ಮೇಲೆ, ಅವಳ ಶ್ವಾಸಕೋಶಕ್ಕೆ ನೀರು ತುಂಬಿಕೊಂಡಿದೆ ಎಂದು ಡಾಕ್ಟರು ಹೇಳಿದ ಮೇಲೆ, ಅಪ್ಪನ ಕೈ ಹಿಡಿದು ಹೇಳಿದಳು: ‘ಆ ಕುಣಿತ ಒಂದ್ಸಲ ನೋಡಿದ್ರೆ ಸಾಕಪ್ಪ.’

ಅಪ್ಪ ಹುಡುಕಲು ಹೊರಟರು. ಚಿಕ್ಕಬಳ್ಳಾಪುರದ ಸೀಡಿ ಅಂಗಡಿಗಳಲ್ಲಿ ವಿಚಾರಿಸಿದರು, ಬೆಂಗಳೂರಿಗೂ ಹೋಗಿಬರುತ್ತೇನೆ ಎಂದರು. ತಾತ ಮಾತ್ರ ಮಂಚದ ಪಕ್ಕದಿಂದ ಏಳಲಿಲ್ಲ. ಸಿನಿಮಾ ಯಾವ ಕಂಪನಿಯದು, ಯಾವ ಚಾನೆಲ್ಲಿನಲ್ಲಿ ಬಂದಿತ್ತು ಎಂದು ಅಪ್ಪ ಕೇಳಿದರೆ, ‘ಸಿಗಲ್ಲ ಬಿಡಪ್ಪ’ ಅಂದರು. ಅಷ್ಟೇ. ಆಗ ಪಿಯುಸಿಯಲ್ಲಿದ್ದ ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹುಡುಕದೆಯೇ ಸಿಗುವುದಿಲ್ಲ ಎನ್ನುವುದು ಯಾವ ಸೀಮೆಯ ವಿಜ್ಞಾನ? ಇಷ್ಟಕ್ಕೂ ಅದನ್ನು ಕಳೆದವರು ಯಾರು? ಇದನ್ನೆಲ್ಲ ನಾನು ಬಾಯಿಬಿಟ್ಟು ಕೇಳಲಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು. ಅಪ್ಪ ಬೆಂಗಳೂರಿಗೆ ಹೋಗುವ ಮೊದಲೇ, ಒಂದು ಬೆಳಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಅಜ್ಜಿ ಹೋದಳು. ತಾತನ ಕೈ ಅವಳ ಕೈಯ ಮೇಲಿತ್ತು.

ಆ ಮನೆ ಈಗ ಇಲ್ಲ. ಪಾಲಾಯಿತು, ಗೋಡೆಗಳನ್ನು ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಕೆಡವಿತು, ಹುಳುಮನೆ ಇದ್ದ ಕಡೆ ಸೈಟಿನ ಕಲ್ಲುಗಳು ನಿಂತಿವೆ. ಅಟ್ಟದಲ್ಲಿದ್ದ ಚಂದ್ರಿಕೆಗಳನ್ನು ಗುಜರಿಯವನು ಟೆಂಪೋದಲ್ಲಿ ಹೇರಿಕೊಂಡು ಹೋದ. ಕಾಫಿ ಅಂಗಡಿಯದು ಅವುಗಳಲ್ಲಿ ಒಂದು ಎಂದು ಸಾಧಿಸಲು ಹೊರಟರೆ ಯಾವ ಜಡ್ಜೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ತಾತ ಚಿಕ್ಕಬಳ್ಳಾಪುರಕ್ಕೆ, ನಮ್ಮ ಜೊತೆಗೆ ಬಂದರು. ಟೇಪು ಅವರ ಬಟ್ಟೆಯ ಪೆಟ್ಟಿಗೆಯಲ್ಲಿ ಅಂಗಿಗಳ ಕೆಳಗೆ ಬಂತು.

ಹೋದ ವರ್ಷ ಯಾರೋ ಪುಣ್ಯಾತ್ಮರು ಆ ಸಿನಿಮಾವನ್ನು, ಚೆನ್ನಾಗಿ ಉಳಿದಿದ್ದ ಪ್ರತಿಯಿಂದ, ಪೂರ್ತಿಯಾಗಿ ಇಂಟರ್ನೆಟ್ಟಿಗೆ ಹಾಕಿದರು. ಕೋರ್ಟು ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಕಣ್ಣಿಗೆ ಬಿತ್ತು. ಅಲ್ಲೇ ನೋಡಿಬಿಡಬಹುದಿತ್ತು, ನೋಡಲಿಲ್ಲ. ಮನೆಗೆ ಬಂದರೆ ತಾತ ಕಿಟಕಿಯ ಬಳಿ ಪೇಪರು ಹಿಡಿದು ಕೂತಿದ್ದರು. ‘ತಾತ, ಸಿಕ್ತು. ಅಜ್ಜಿ ಕುಣಿತ. ಪೂರ್ತಿ ಪಿಕ್ಚರೇ ಹಾಕಿದಾರೆ’ ಅಂದೆ. ನನ್ನ ದನಿಯಲ್ಲಿ ಗೆದ್ದವಳ ಗತ್ತು ಇದ್ದಿರಬೇಕು. ಅವರು ಪೇಪರನ್ನು ನಿಧಾನವಾಗಿ ಮಡಿಸಿದರು.

‘ನೀನು ನೋಡಿದ್ಯಾ?’

‘ಇಲ್ಲ. ನಿಮ್ಮ ಜೊತೇಲಿ ನೋಡೋಣ ಅಂತ.’

‘ನನಗೆ ಬೇಡ ಕಣಮ್ಮ. ನಾನು ಅವತ್ತೇ ನೋಡಿದೀನಿ.’

ಮಹಡಿಯ ಮೆಟ್ಟಿಲ ಮೇಲೆ ಕೂತು ನೋಡಿದೆ. ಸೈನಿಕರು ಹಿಡಿದು ತರುತ್ತಾರೆ, ರಾಣಿ ಹೀರೋವನ್ನು ನೋಡುತ್ತಾಳೆ. ನಮ್ಮ ಪರದೆ ನಡುಗುತ್ತಿದ್ದ ಜಾಗದಲ್ಲಿ ಇದು ನಡುಗದೆ ಮುಂದೆ ಹೋಯಿತು. ಗಡ್ಡದ ಒಬ್ಬ ಮಂತ್ರಿ ಬಂದ. ಚಂದ್ರಲೋಕದವರು ಭೂಮಿಯ ಗಾಳಿಯಲ್ಲಿ ಬದುಕಲಾರರು, ಭೂಮಿಯವರು ಇಲ್ಲಿ ಉಳಿಯಲಾರರು ಎಂದು ಒಂದೇ ದನಿಯಲ್ಲಿ ಒಪ್ಪಿಸಿದ. ಹೀರೋ ತಲೆಯಾಡಿಸಿದ. ರಾಣಿ ತಲೆ ತಗ್ಗಿಸಿದಳು. ಆಮೇಲೆ ಏಣಿ, ವಸ್ತ್ರದ ತುಂಡು, ಅಳು. ಮೊದಲಿಂದ ಕೊನೆಯವರೆಗೆ ಹುಡುಕಿದೆ. ರಾಕೆಟ್ಟಿನ ಹಾಡಿತ್ತು, ಭೂಮಿಯ ಮೇಲಿನ ಎರಡು ಹಾಡುಗಳಿದ್ದವು, ಎಲ್ಲ ನಮ್ಮ ಟೇಪಿನಲ್ಲಿ ಇದ್ದವೇ. ಚಂದ್ರನ ಮೇಲೆ ಯಾರೂ ಕುಣಿಯಲಿಲ್ಲ.

ಕೆಳಗೆ ಬಂದು ತಾತನ ಎದುರು ಕೂತೆ. ಅಲ್ಲಿ ಕುಣಿತ ಇಲ್ಲ ಎಂದೆ. ಇಲ್ಲ ಎಂದರು. ಹಾಗಾದರೆ ಅಜ್ಜಿ ನೋಡಿದ್ದೇನು ಎಂದು ಕೇಳಿದೆ. ಆಗಿನ ಟೆಂಟಿನವರು ಜನ ಬರಲಿ ಎಂದು ಬೇರೆ ಸಿನಿಮಾದ ಕುಣಿತಗಳನ್ನು ತುಂಡು ಮಾಡಿ ತಂದು ಮಧ್ಯೆ ಅಂಟಿಸುತ್ತಿದ್ದರಂತೆ. ಯಾವುದೋ ರಾಜರಾಣಿ ಪಿಕ್ಚರಿನದು ಇದ್ದಿರಬೇಕು, ಚಿಂತಾಮಣಿಯ ಆ ಟೆಂಟಿನಲ್ಲಿ ಅದು ಚಂದ್ರನ ಮೇಲೆ ಕೂತುಕೊಂಡಿತು. ‘ಅವಳು ನೋಡಿದ್ದು ನೋಡಿದ್ದೇ. ಸುಳ್ಳು ಹೇಳೋಳಲ್ಲ ಅವಳು’ ಎಂದರು. ಹೇಳುವಾಗ ಅವರ ದನಿ ಸ್ವಲ್ಪ ಬಿಗಿಯಾಗಿತ್ತು, ನಾನು ಆಕ್ಷೇಪ ಎತ್ತಿಬಿಡಬಹುದು ಎನ್ನುವ ಹಾಗೆ.

‘ಮತ್ತೆ ನೀವ್ಯಾಕೆ ಹೇಳ್ಲಿಲ್ಲ ತಾತ? ಅಷ್ಟು ವರ್ಷ ಬೈಸ್ಕೊಂಡ್ರಲ್ಲ.’

‘ಕೇಳಿದ್ರೆ ಹೇಳ್ತಿದ್ದೆ. ಅಲ್ಲಿ ಏನು ಬಿಟ್ರಿ, ಏನಿತ್ತು ಅಂತ ಒಂದು ದಿನ ಕೇಳ್ಲಿಲ್ಲಮ್ಮ ಅವಳು.’ ಮಡಿಸಿಟ್ಟ ಪೇಪರನ್ನು ಮತ್ತೆ ಕೈಗೆತ್ತಿಕೊಂಡರು. ‘ಆಮೇಲೆ ಅರ್ಧ ನಾನೇ ಸೇರಿಸಿದ್ದಲ್ವ. ಕಾಲು ನಿಧಾನಕ್ಕೆ ಇಳೀಬೇಕು ಅಂತ ಹೇಳಿದ್ಯಾರು?’

ಇದಾದ ಮೇಲೆ ಎಷ್ಟೋ ದಿನ ನಾನು ಆ ಮಧ್ಯಾಹ್ನಗಳನ್ನು ಒಂದೊಂದಾಗಿ ಮತ್ತೆ ವಿಚಾರಣೆಗೆ ತೆಗೆದುಕೊಂಡೆ. ಗೆಜ್ಜೆಯ ಸದ್ದು ಹೇಗೆ ಕೇಳುತ್ತದೆ ಎಂದು ತಾತ ತಕರಾರು ತೆಗೆದರು. ಹಾರಿದವರು ಹೇಗೆ ಇಳಿಯಬೇಕು ಎಂದು ತಕರಾರು ತೆಗೆದರು. ಕುಣಿತ ಇತ್ತೇ ಎಂಬ ಒಂದು ಪ್ರಶ್ನೆಯನ್ನು, ಅದಕ್ಕೆ ಉತ್ತರ ಗೊತ್ತಿದ್ದ ಒಬ್ಬರೇ ಸಾಕ್ಷಿಯಾದ ಅವರು, ಎಂದೂ ಕೇಳಲಿಲ್ಲ. ವಿವರಗಳ ಮೇಲೆ ಮಾತ್ರ ಜಗಳವಾಡಿದರೆ ಮೂಲ ಮಾತನ್ನು ಒಪ್ಪಿಕೊಂಡ ಹಾಗೆ ಎಂದು ನನಗೆ ಕಲಿಸಿದವರು ಅವರೇ ಅಲ್ಲವೇ. ಅಜ್ಜಿಯಾದರೂ ಅಷ್ಟೇ, ಬೈದಳು, ನಕ್ಕಳು, ಆಡಿಕೊಂಡಳು, ಆದರೆ ಕೇಳಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಇನ್ನು ತಿಳಿಯುವ ದಾರಿಯಿಲ್ಲ. ಮನೆಯಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು ನಾನು. ಆ ಇಬ್ಬರ ನಡುವೆ ಕೇಳದೆ ಉಳಿದ ಪ್ರಶ್ನೆಯೊಂದು ಅಷ್ಟು ವರ್ಷ ಕೂತಿತ್ತು, ನನಗದು ಕಾಣಲೇ ಇಲ್ಲ. ಇಂಟರ್ನೆಟ್ಟಿನಲ್ಲಿ ಈಗ ಇರುವುದು ಪೂರ್ತಿ ಸಿನಿಮಾ. ಎಲ್ಲೂ ತುಂಡಾಗಿಲ್ಲ, ಎಲ್ಲೂ ನಡುಗುವುದಿಲ್ಲ. ಮಂತ್ರಿ ಮಾತು ಒಪ್ಪಿಸಿದ ಮೇಲೆ ರಾಣಿ ಅಳುತ್ತಾಳೆ, ನನಗೆ ಅವಳ ಅಳು ನಂಬಿಕೆಯಾಗುವುದಿಲ್ಲ. ಆ ಕುಣಿತಕ್ಕೆ ಜಾಗ ಇದ್ದದ್ದು ನಮ್ಮ ಹರುಕು ಟೇಪಿನಲ್ಲಿ ಮಾತ್ರ. ಅದನ್ನು ಹಾಕುವ ಯಂತ್ರ ಈಗ ಯಾರ ಹತ್ತಿರವೂ ಇಲ್ಲ, ನಿಲ್ಲಿಸಿ ಕಾಯುವವರೂ ಇಲ್ಲ. ತಾತ ಈ ಬೇಸಿಗೆಯಲ್ಲಿ ಹೋದರು. ಟೇಪು ಇನ್ನೂ ಪೆಟ್ಟಿಗೆಯಲ್ಲೇ ಇದೆ, ಅವರ ಅಂಗಿಗಳ ಕೆಳಗೆ.

ಕಾಫಿ ಅಂಗಡಿಯಲ್ಲಿ ನಾನು ಚಂದ್ರಿಕೆಯ ಮುಂದೆ ನಿಂತೆ ಎಂದೆನಲ್ಲ. ತಲೆಯ ಹಿಂದೆ ಬಿದಿರಿನ ಸುತ್ತುಗಳು, ಬಲ್ಬಿನ ಬಿಸಿ, ಆ ವಾಸನೆ. ಫರ್ಹಾನಾ ಫೋನು ಎತ್ತಿ ಹಿಡಿದು, ‘ಏನಾದ್ರೂ ಪೋಸು ಕೊಡೇ, ಕಂಬದ ಥರ ನಿಂತಿದ್ಯಲ್ಲ’ ಅಂದಳು. ಕೈಗಳನ್ನು ಎತ್ತಿದೆ. ಎದೆಯ ಮಟ್ಟಕ್ಕೆ ಬಂದು ಅವು ನಿಂತುಬಿಟ್ಟವು. ಅಲ್ಲಿಂದ ಮುಂದಕ್ಕೆ ಅಜ್ಜಿಯ ಬೆರಳುಗಳು ಎತ್ತ ಹೋಗುತ್ತಿದ್ದವು, ಮಣಿಕಟ್ಟು ಯಾವಾಗ ತಿರುಗುತ್ತಿತ್ತು, ಎಷ್ಟು ನೆನೆಸಿಕೊಂಡರೂ ಬರಲಿಲ್ಲ. ಕೈಗಳನ್ನು ಇಳಿಸಿಬಿಟ್ಟೆ. ಆಮೇಲೆ, ಟ್ರೆಕ್ಕಿಂಗ್ ಮುಗಿಸಿ ಬಂದ ಹುಡುಗರು ಸಾಲಾಗಿ ದೋಸೆ ತಿನ್ನುತ್ತಾ ನೋಡುತ್ತಿದ್ದಂತೆಯೇ, ಬೆರಳ ತುದಿಯ ಮೇಲೆ ಏರಿ, ಉಸಿರು ಹಿಡಿದು, ಯಾರ ಕೈಯನ್ನೂ ನೋಡದೆ, ಹಿಮ್ಮಡಿಯನ್ನು ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಇಳಿಸಿದೆ.